ಫೋನಿನಲ್ಲಿ ಕೇಳಿದ ಪ್ರಶ್ನೆ

ಗಂಡನ ಏಟು ತಿಂದು ಓಡಿಬಂದ ಹೆಂಗಸರಿಗೆ ನಮ್ಮೂರು ರೆಕ್ಸ್‌ಹ್ಯಾಮ್‌ನಲ್ಲಿ ಒಂದು ಆಸರೆಮನೆ ಇದೆ. ನಾನು ಅಲ್ಲೇ ಕೆಲಸ ಮಾಡೋದು. ನಮ್ಮ ಮೇಲ್ವಿಚಾರಕಿ ಡಿಲಿಸ್ ಕೆಟ್ಟವಳಲ್ಲ, ಪುಕ್ಕಲಿ ಅಷ್ಟೇ. ಕಾನೂನಿನಲ್ಲಿ ಹೆಂಗಸು ಅಂದ್ರೆ ಹುಟ್ಟಿನಿಂದ ಹೆಂಗಸು ಅಂತ ಕೋರ್ಟು ತೀರ್ಪು ಕೊಟ್ಟ ಮೇಲಂತೂ, ಎಲ್ಲಿ ಕೇಸು ಬೀಳುತ್ತೋ ಅಂತ ಅವಳಿಗೆ ನಿದ್ದೆಯೇ ಇಲ್ಲ. ನಮ್ಮಲ್ಲಿ ಆಸರೆಗೆ ಬಂದಿದ್ದ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳ್ತಿದ್ದ ರೊವೀನಾಳನ್ನ ಬೇರೆ ಊರಿಗೆ ಸಾಗಹಾಕಿದಳು. ನಾನು ಜಗಳಕ್ಕೇ ನಿಂತೆ.

"ಮಹಡಿ ಮೇಲಿರೋ ಹೆಂಗಸರು ಗಂಡಸಿನ ಕೆಮ್ಮು ಕೇಳಿದ್ರೂ ಚಿಲಕ ಹಾಕ್ಕೋತಾರೆ ಕಣೇ ಮೇರಿಯಲ್. ಅವರಿಗ್ಯಾರೇ ದಿಕ್ಕು?" ಅಂದಳು. ಅದೂ ಸುಳ್ಳಲ್ಲ.

ಮಂಗಳವಾರ ಮಧ್ಯಾಹ್ನ ಫೋನ್ ಬಂತು. ಡಿಲಿಸ್ ಸ್ಪೀಕರ್ ಹಾಕಿದಳು. ಗೊಗ್ಗರು ದನಿ, ಗಂಡೋ ಹೆಣ್ಣೋ ಗೊತ್ತಾಗ್ತಿರಲಿಲ್ಲ.

"ಜಾಗ ಇದೆಯಾ? ಅವನು ಅಂಗಡಿಗೆ ಹೋಗಿದಾನೆ. ಈಗಲೇ ಹೊರಡಬೇಕು."

ಜಾಗ ಇತ್ತು. ಬೆಳಿಗ್ಗೆ ನಾನೇ ಹಾಸಿಗೆ ಹಾಸಿದ್ದೆ. ಬಾ ಅನ್ನು, ಬಾ ಅನ್ನು ಅಂತ ಕೈಸನ್ನೆ ಮಾಡಿದೆ. ಡಿಲಿಸ್ ಆಗಲೇ ಬೆವೆತಿದ್ದಳು.

"ತಪ್ಪು ತಿಳ್ಕೋಬೇಡಿ... ನೀವು ಹುಟ್ಟಿನಿಂದ ಹೆಂಗಸೇನಾ?"

ಆ ಕಡೆ ಬರೀ ಉಸಿರು. ಆಮೇಲೆ ಬಾಗಿಲು ತೆರೆದ ಸದ್ದು, ಫೋನ್ ಕಟ್. ನಂಬರೂ ಬಿದ್ದಿರಲಿಲ್ಲ.

"ಥೂ, ಬಂದ ಮೇಲೆ ಕೇಳಿದ್ರೆ ನಿನ್ನ ಗಂಟೇನೇ ಹೋಗ್ತಿತ್ತು?" ಅಂತ ರೇಗಿದೆ. ಡಿಲಿಸ್ ಅಳುತ್ತಾ ಕೂತಳು. ನನಗೆ ಒಂದಿಷ್ಟೂ ಕನಿಕರ ಬರಲಿಲ್ಲ.

ಗುರುವಾರ ಆಸ್ಪತ್ರೆಯಿಂದ ಒಬ್ಬ ನರ್ಸ್ ಕರೆದರು, ಗಂಡ ಹೊಡೆದ ಒಬ್ಬಳ ಹತ್ತಿರ ನಮ್ಮವರು ಯಾರಾದ್ರೂ ಮಾತಾಡಬೇಕಂತೆ. ಹೋದೆ. ಕೆರಿಸ್ ಅಂತ, ಮೂವತ್ತು ದಾಟಿಲ್ಲ. ಕತ್ತಿನ ತುಂಬ ಬೆರಳಿನ ಕಪ್ಪು. ಭಾನುವಾರವೂ ಹಿಸುಕಿದ್ದನಂತೆ, ದನಿ ಕೆಟ್ಟಿದ್ದು ಆಗಲೇ ಅಂದರು ನರ್ಸ್. ಮಂಗಳವಾರ ಅವಳ ಕೈಯಲ್ಲಿ ಫೋನ್ ನೋಡಿ ಮತ್ತೆ ಹಿಸುಕಿದ. ಅವಳು ಬಾಯಿ ತೆರೆದದ್ದೇ ಗೊತ್ತಾಯ್ತು. ಅದೇ ಗೊಗ್ಗರು ದನಿ.

"ನೀನು ಫೋನಿನಲ್ಲಿ ಕೇಳಿದ ಜಾಗ ಇನ್ನೂ ಖಾಲಿ ಇದೆ ಕಣಮ್ಮ. ಕಾರ್ ತಂದಿದೀನಿ, ಹೋಗೋಣ ಬಾ."

ಅವಳು ಬರೋಲ್ಲ ಅಂತ ತಲೆಯಾಡಿಸಿದಳು.

"ನಾನು ಹೆಂಗಸು ಅನ್ನೋದನ್ನೇ ನೀವು ನಂಬಲಿಲ್ಲ. ಅವನು ಹಿಸುಕಿದ ಅಂದ್ರೆ ಇನ್ಯಾರು ನಂಬ್ತಾರೆ?"

"ನಾನು ನಂಬ್ತೀನಿ! ದಮ್ಮಯ್ಯ ಅಂತೀನಿ, ಬಾ!"

ಅಷ್ಟರಲ್ಲಿ ಗಂಡ ಬಂದ. ಒಳ್ಳೆ ನಗುಮುಖ. ನನಗೂ ನಮಸ್ಕಾರ ಹೇಳಿದ. ಅವಳ ಕೋಟು ಬಿಡಿಸಿ ಹಿಡಿದ, ಅವಳು ಎರಡೂ ಕೈ ತೂರಿಸಿದಳು.

"ಹೊರಗೆ ಚಳಿ ಚಿನ್ನ" ಅಂತ ಕತ್ತಿನವರೆಗೂ ಗುಂಡಿ ಹಾಕಿದ.