ನಾಲ್ಕು ಜಾಕೆಟ್ಟು

ಮರಿವಿಕ್ ಐದು ವರ್ಷದಲ್ಲಿ ಇಂಗ್ಲೆಂಡ್ ಸುತ್ತಿದ್ದು ಒಂದೇ ಒಂದು ದಿನ. ಆ ಗುಟ್ಟು ಗೊತ್ತಿದ್ದವರು ಅವಳೂ ಸೇರಿ ನಾಲ್ಕೇ ಜನ. ನಾಲ್ವರೂ ಪ್ರೆಸ್ಟನ್ನಿನ ಒಂದೇ ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸಿ, ಸೂಪು ಕುಡಿಸಿ, ಅವರಿಂದಲೇ ಬೈಸಿಕೊಳ್ಳುತ್ತಿದ್ದವರು. ಫಿಲಿಪ್ಪೀನ್ಸಿನ ಇಲೋಯಿಲೋದಲ್ಲಿದ್ದ ಅವಳ ಗಂಡ, ಮಗಳು, ತಾಯಿ, ಜೊತೆಗೆ ಇಡೀ ಓಣಿ, ಅವಳು ವಾರಕ್ಕೊಂದು ಊರು ಸುತ್ತಿ ಮೆರೆಯುತ್ತಿದ್ದಾಳೆ ಎಂದೇ ನಂಬಿಕೊಂಡಿತ್ತು. ಹಾಗೆ ನಂಬಿಸಿದ್ದು ಅವಳೇ.

ನಂಬಿಸದೆ ವಿಧಿಯಿರಲಿಲ್ಲ. ಬಂದ ಹೊಸತರಲ್ಲಿ ಒಂದು ಶನಿವಾರ, ಇವತ್ತೂ ಕೆಲಸ ನಾಳೆಯೂ ಕೆಲಸ ಎಂದು ಫೋನಿನಲ್ಲಿ ಬಾಯಿ ತಪ್ಪಿ ಹೇಳಿಬಿಟ್ಟಿದ್ದಳು. ಆ ಕಡೆ ಅವಳ ತಾಯಿ ಎಷ್ಟು ಜೋರಾಗಿ ಅತ್ತಳೆಂದರೆ ಯಾರೋ ಹೋಗಿಬಿಟ್ಟರೆಂದು ಪಕ್ಕದ ಮನೆಯವರು ಮೋಂಬತ್ತಿ ಹಿಡಿದು ಬಂದಿದ್ದರು. ಆಮೇಲೆ ಮರಿವಿಕ್ ಬುದ್ಧಿ ಕಲಿತಳು. ವಾರದ ಕೊನೆಯ ಪಾಳಿಗಳನ್ನು ಹೊಸಬರ ತಲೆಗೇ ಕಟ್ಟುವುದು ಅಲ್ಲಿಯ ವಾಡಿಕೆ. ಹಾಗಾಗಿ ಶನಿವಾರ ಮಧ್ಯಾಹ್ನದ ಹದಿನೈದು ನಿಮಿಷದ ಬಿಡುವಿನಲ್ಲಿ ಅವಳು ಊರಿಗೆ ಫೋನು ಮಾಡುತ್ತಿದ್ದಳು. ಒಳಗಿಂದ ಯಾವುದೋ ಕೋಣೆಯ ಗಂಟೆ ಬಾರಿಸಿದ ಕೂಡಲೇ, ಗೆಳತಿಯರು ಕಾಯುತ್ತಿದ್ದಾರೆ, ಸುತ್ತಾಡಲು ಹೋಗಬೇಕು ಎಂದು ನಗುನಗುತ್ತಾ ಇಟ್ಟುಬಿಡುತ್ತಿದ್ದಳು. ಇಟ್ಟ ಮೇಲೆ ಓಡಿಹೋಗಿ ಯಾರದೋ ಒದ್ದೆ ಹಾಸಿಗೆ ಬದಲಾಯಿಸುತ್ತಿದ್ದಳು.

ಸುಳ್ಳಿಗೆ ಸಾಕ್ಷಿ ಬೇಕಲ್ಲ. ಒಂದು ಅಕ್ಟೋಬರಿನಲ್ಲಿ ನಾಲ್ವರಿಗೂ ಅದು ಹೇಗೋ ಒಟ್ಟಿಗೆ ರಜೆ ಸಿಕ್ಕಿತು. ಬಾಡಿಗೆಗೆ ವ್ಯಾನು ಹಿಡಿದರು. ಒಬ್ಬೊಬ್ಬರ ಹತ್ತಿರ ಇದ್ದದ್ದು ಒಂದೊಂದು ಜಾಕೆಟ್ಟು, ಹಸಿರು, ಕೆಂಪು, ನೀಲಿ, ಹಳದಿ. ಪ್ರತಿ ಊರಲ್ಲೂ ಇಳಿದು, ಜಾಕೆಟ್ಟು ಅದಲುಬದಲು ಮಾಡಿಕೊಂಡು, ಹಲ್ಲು ಕಿರಿದು, ಮತ್ತೆ ವ್ಯಾನು ಹತ್ತಿದರು. ಇಂಗ್ಲೆಂಡಿನ ಆಕಾಶವೂ ಅವತ್ತು ಕೈಬಿಡಲಿಲ್ಲ. ಬೆಳಿಗ್ಗೆ ಸರೋವರದ ಬಳಿ ಬಿಸಿಲು, ಮಧ್ಯಾಹ್ನ ಕೋಟೆಯ ಹತ್ತಿರ ಮಳೆ, ಆಮೇಲೆ ಕುರಿಗಳ ಗುಡ್ಡದ ಮೇಲೆ ಹಿಮವೆಂದೇ ಹೇಳಬಹುದಾದ ಆಲಿಕಲ್ಲು, ಸಂಜೆ ಬ್ಲ್ಯಾಕ್‌ಪೂಲಿನ ಸಮುದ್ರದ ಮೇಲೆ ಗುಲಾಬಿ ಬಣ್ಣ. ವರ್ಷವಿಡೀ ಸುತ್ತಿದರೂ ಸಿಗದ ನಾಲ್ಕು ಋತು ಬೆಳಗಿನಿಂದ ಸಂಜೆಯೊಳಗೆ ಸಿಕ್ಕಿಬಿಟ್ಟವು. ಅವತ್ತಿನ ಹನ್ನೆರಡು ಫೋಟೋಗಳನ್ನು ಮರಿವಿಕ್ ಮದುವೆ ಊಟದಲ್ಲಿ ಉಪ್ಪಿನಕಾಯಿ ಬಡಿಸುವಷ್ಟು ಜೋಪಾನವಾಗಿ, ಸ್ವಲ್ಪ ಸ್ವಲ್ಪವೇ, ಮೂರು ವರ್ಷ ಕಳಿಸಿದಳು.

ಈಗ ಕಾಗದಪತ್ರದ ಕಾಟವೆಲ್ಲ ಮುಗಿದು ಗಂಡ ರುವೆಲ್, ಮಗಳು ಜೊವೆಲ್ ಬಂದಿಳಿದಿದ್ದರು. ಬಿಟ್ಟುಬಂದಾಗ ಏಳು ವರ್ಷದವಳಾಗಿದ್ದ ಹುಡುಗಿಗೆ ಈಗ ಹನ್ನೆರಡು. ಅವಳ ಪೆಟ್ಟಿಗೆಯಲ್ಲಿ ಬಟ್ಟೆಯ ಮೇಲೆ ಒಂದು ದಪ್ಪ ಆಲ್ಬಮ್ಮು. ಹನ್ನೆರಡು ಫೋಟೋಗಳನ್ನೂ ಲೋಲಾ, ಎಂದರೆ ಅವಳ ತಾಯಿಕಡೆಯ ಅಜ್ಜಿ, ಪ್ರಿಂಟು ಹಾಕಿಸಿ, ಪ್ಲಾಸ್ಟಿಕ್ಕಿನೊಳಗೆ ಸೇರಿಸಿ, ಕೆಳಗೆ ತಿಂಗಳು ಬರೆದಿಟ್ಟಿದ್ದಳು. ಅದನ್ನು ನೋಡಿದ ಮರಿವಿಕ್ ಬೇಗ ಬೇಗ ಪೆಟ್ಟಿಗೆ ಮುಚ್ಚಿದಳು.

ಆದರೆ ಅದಕ್ಕಿಂತ ಹೆಚ್ಚು ಅವಳನ್ನು ಕೊರೆಯುತ್ತಿದ್ದದ್ದು ಮಗಳ ಮರ್ಯಾದೆ. ಜೊವೆಲ್ ಅಪ್ಪನ ಜೊತೆ ದಿನಕ್ಕೆ ಹತ್ತು ಸಲ ಜಗಳವಾಡುತ್ತಿದ್ದಳು. ಅವನ ಗೊರಕೆ, ಅವನ ಚಪ್ಪಲಿ, ಅವನು ಹಲ್ಲುಜ್ಜುವ ಸದ್ದು, ಯಾವುದನ್ನೂ ಬಿಡುತ್ತಿರಲಿಲ್ಲ. ಅಮ್ಮ ಬಂದರೆ ಮಾತ್ರ ಹಾಸ್ಟೆಲ್ ವಾರ್ಡನ್ ಬಂದ ಹಾಗೆ ನೆಟ್ಟಗೆ ಕೂರುತ್ತಿದ್ದಳು. ಊಟ ಚೆನ್ನಾಗಿದೆ, ಥ್ಯಾಂಕ್ಸ್. ತಟ್ಟೆ ನಾನು ತೊಳೆಯಲಾ? ಮರಿವಿಕ್‌ಗೆ ಬೇಕಾಗಿದ್ದದ್ದು ಒಂದೇ, ಮಗಳು ತನ್ನ ಜೊತೆಗೂ ಒಂದು ಸಲ ಬಾಯಿ ತುಂಬ ಜಗಳವಾಡಬೇಕು. ಶನಿವಾರಗಳ ಪಾಳಿಯನ್ನು ಗೋಗರೆದು ಬಿಡಿಸಿಕೊಂಡಿದ್ದೂ ಅದಕ್ಕೇ. ಸುತ್ತಾಡಿದರೆ ಹುಡುಗಿ ಕರಗುತ್ತಾಳೆ ಎಂದುಕೊಂಡಿದ್ದಳು. ಎಲ್ಲಿಗೆ ಹೋಗೋಣ ಎಂದು ಕೇಳಿದಾಗ ಜೊವೆಲ್ ಆಲ್ಬಮ್ಮಿನ ಮೊದಲ ಪುಟ ತೆಗೆದು ಬೆರಳಿಟ್ಟಳು.

ಮೊದಲ ಶನಿವಾರ ಸರೋವರ. ರುವೆಲ್ ಊರಲ್ಲಿ ಜೀಪ್ನಿ ಎಂಬ ಬಾಡಿಗೆ ಜೀಪು ಓಡಿಸುತ್ತಿದ್ದವನು. ಹಾರ್ನು ಹೊಡೆಯದೆ ಗಾಡಿ ಓಡಿಸುವುದೆಂದರೆ ಅವನಿಗೆ ಬಾಯಿ ಹೊಲಿದುಕೊಂಡು ಮದುವೆಮನೆಗೆ ಹೋದ ಹಾಗೆ. ವೃತ್ತ ಬಂದಾಗಲೆಲ್ಲ ಯಾವ ಕಡೆ ತಿರುಗಬೇಕೆಂದು ತಿಳಿಯದೆ ಮೂರು ಸಲ ಪ್ರದಕ್ಷಿಣೆ ಹಾಕುತ್ತಿದ್ದ. ಹಿಂದಿನ ಸೀಟಿನಲ್ಲಿ ದಪ್ಪ ಟವೆಲ್ಲು ಸುತ್ತಿದ ಅನ್ನದ ಪಾತ್ರೆ, ಕೋಳಿ ಅಡೋಬೋ ಡಬ್ಬಿ. ಪಾತ್ರೆಗೂ ಅವನು ಸೀಟ್‌ಬೆಲ್ಟು ಕಟ್ಟಿದ್ದ.

ಸರೋವರದ ಬಳಿ ಜೊವೆಲ್ ಫೋಟೋ ಹಿಡಿದು, ಆ ಬಿಳಿ ದೋಣಿ ಎಲ್ಲಿ, ದೋಣಿಯೊಳಗೆ ಕೂತರೆ ಏನೇನು ಕಾಣುತ್ತದೆ ಎಂದು ಕೇಳಿದಳು. ಮರಿವಿಕ್ ಆ ದೋಣಿಯ ಪಕ್ಕ ನಿಂತಿದ್ದದ್ದು ಎರಡು ನಿಮಿಷ. ಆದರೂ ಬಿಡಲಿಲ್ಲ, ಆಚೆ ದಡದಲ್ಲಿ ದೊಡ್ಡದೊಂದು ಚರ್ಚು ಬರುತ್ತದೆ, ಗಂಟೆ ಕೇಳಿಸುತ್ತದೆ ಎಂದಳು. ದೋಣಿ ಹತ್ತಿ ಹೋದರು. ಆಚೆ ದಡದಲ್ಲಿ ಬಂದದ್ದು ಒಂದು ಐಸ್‌ಕ್ರೀಮ್ ಅಂಗಡಿ, ಅದೂ ಬಾಗಿಲು ಹಾಕಿತ್ತು. ಜೊವೆಲ್ ಫೋಟೋವನ್ನು ಮತ್ತೆ ಆಲ್ಬಮ್ಮಿನೊಳಗೆ ಸೇರಿಸಿದಳು. ರುವೆಲ್, ಇಷ್ಟು ನೀರು ನಮ್ಮೂರಲ್ಲಿ ಜೂನ್ ತಿಂಗಳಲ್ಲಿ ಅಡುಗೆಮನೆಯಲ್ಲೇ ಇರುತ್ತದಲ್ಲ ಎಂದ.

ಎರಡನೇ ಶನಿವಾರ ಪಾಳುಕೋಟೆ. ಟಿಕೆಟ್ಟು ಕೊಂಡು ಒಳಗೆ ಹೋದರೆ ಮಾಡಿಲ್ಲ, ಬಾಗಿಲಿಲ್ಲ, ಮೂರು ಗೋಡೆ ಮತ್ತು ಹುಲ್ಲು. ರುವೆಲ್ ಸೊಂಟದ ಮೇಲೆ ಕೈಯಿಟ್ಟುಕೊಂಡು ಮೇಲೆ ಕೆಳಗೆ ನೋಡಿದ.

“ಒಂದು ಚಂಡಮಾರುತ ಬಂದು ಹೋದ್ರೆ ನಮ್ಮ ಓಣೀಲಿ ಇಂಥವು ನಲವತ್ತಾಗ್ತವೆ. ಟಿಕೆಟ್ ಇಡ್ಬೇಕು ಅಂತ ಒಬ್ಬನಿಗಾದ್ರೂ ಹೊಳೀತಾ ನೋಡು.”

“ಅಪ್ಪಾ, ಮೆತ್ತಗೆ ಮಾತಾಡು. ಎಲ್ಲ ನೋಡ್ತಿದಾರೆ,” ಎಂದು ಜೊವೆಲ್ ಅವನನ್ನು ಗದರಿಸಿ, ಅಮ್ಮನ ಕಡೆ ತಿರುಗಿ ಅಷ್ಟೇ ನಯವಾಗಿ ಟಾಯ್ಲೆಟ್ ಎಲ್ಲಿ ಎಂದು ಕೇಳಿದಳು. ಇಲ್ಲಿಗೆ ಮೂರು ಸಲ ಬಂದವಳಲ್ಲವೇ ಅಮ್ಮ, ಆಲ್ಬಮ್ಮಿನ ಪ್ರಕಾರ. ಮರಿವಿಕ್ ಧೈರ್ಯವಾಗಿ ಎಡಕ್ಕೆ ಕೈ ತೋರಿಸಿದಳು. ಎಡಕ್ಕಿದ್ದದ್ದು ಹುಲ್ಲು ಕತ್ತರಿಸುವ ಯಂತ್ರ ಇಡುವ ಕೋಣೆ.

ಮೂರನೇ ಶನಿವಾರ ಕುರಿಗಳ ಗುಡ್ಡ. ಏದುಸಿರು ಬಿಡುತ್ತಾ ಹತ್ತಿದ ಮೇಲೆ ಅಲ್ಲಿ ಕುರಿಗಳಿದ್ದವು. ಅಷ್ಟು ಬಿಟ್ಟರೆ ಗಾಳಿ. ಜೊವೆಲ್ ಅಮ್ಮನ ಪಕ್ಕ ಬಂದು ನಿಂತಳು.

“ನಿಮಗೆ ಕುರಿ ಅಂದ್ರೆ ತುಂಬಾ ಇಷ್ಟ ಅಲ್ವಾ?”

“ಹಾಗೇನಿಲ್ಲ. ಯಾಕೆ?”

“ನನ್ನ ಒಂಬತ್ತನೇ ಬರ್ತ್‌ಡೇಗೆ ಕೇಕ್ ಕತ್ತರಿಸೋಕ್ ಮುಂಚೆ ಫೋನ್ ಇಟ್ರಲ್ಲ. ಸುತ್ತೋಕೆ ಹೋಗ್ಬೇಕು ಅಂದ್ರಿ. ಆಮೇಲೆ ಕುರಿ ಜೊತೆ ನಿಂತಿರೋ ಫೋಟೋ ಬಂತು. ಅದಕ್ಕೇ ಕೇಳ್ದೆ.”

ಹೇಳಿದ್ದರಲ್ಲಿ ಕೋಪದ ಸುಳಿವೂ ಇರಲಿಲ್ಲ, ಅದೇ ಸಹಿಸಲಾಗದ್ದು. ಹುಡುಗಿ ಒಂದು ಕುರಿಯ ಮುಖವನ್ನು ಬಹಳ ಹೊತ್ತು ನೋಡಿದಳು, ತನಗಿಂತ ಇದರಲ್ಲಿ ಏನು ಹೆಚ್ಚಿದೆ ಎಂದು ಲೆಕ್ಕ ಹಾಕುವವಳ ಹಾಗೆ. ಮರಿವಿಕ್‌ಗೆ ಅಲ್ಲೇ ಗುಡ್ಡದಿಂದ ಉರುಳಿಹೋಗೋಣ ಎನ್ನಿಸಿತು. ನಿಜ ಹೇಳಿಬಿಟ್ಟರೆ ಮೂರು ವರ್ಷದ ಮೆರೆದಾಟವೆಲ್ಲ ಮಣ್ಣುಪಾಲು. ಓಣಿಯವರೆಲ್ಲ ಆಡಿಕೊಳ್ಳುತ್ತಾರೆ, ಗಂಡನ ಎದುರು ಮುಖ ಎತ್ತುವ ಹಾಗಿಲ್ಲ. ಹೇಳದಿದ್ದರೆ ಮಗಳ ಕಣ್ಣಲ್ಲಿ ತಾನು ಒಂದು ಕುರಿಗೋಸ್ಕರ ಫೋನು ಇಟ್ಟ ತಾಯಿ. ಅಷ್ಟಾದರೂ ಬಾಯಿ ಬಿಡಲು ಅವಳಿಗೆ ಧೈರ್ಯ ಬರಲಿಲ್ಲ. ಅಡೋಬೋ ತಣ್ಣಗಾಗುತ್ತಿದೆ ಎಂದು ಮಾತು ತೇಲಿಸಿದಳು.

ನಾಲ್ಕನೇ ಶನಿವಾರ ಬ್ಲ್ಯಾಕ್‌ಪೂಲಿನಲ್ಲಿ ಮಳೆ ಅಡ್ಡಡ್ಡ ಬೀಳುತ್ತಿತ್ತು. ಸಮುದ್ರದ ಎದುರು ಸಾಲಾಗಿ ಕಾರುಗಳು, ಒಂದೊಂದರಲ್ಲೂ ಒಂದೊಂದು ಮುದಿ ಜೋಡಿ ಕಿಟಕಿ ಏರಿಸಿಕೊಂಡು, ಫ್ಲಾಸ್ಕಿನ ಚಹಾ ಕುಡಿಯುತ್ತಾ ಎದುರಿನ ಬೂದು ನೀರನ್ನು ದಿಟ್ಟಿಸುತ್ತಿತ್ತು. ರುವೆಲ್ ಆ ಸಾಲಿನಲ್ಲೇ ಕಾರು ನಿಲ್ಲಿಸಿದ. ಇವರೆಲ್ಲ ಯಾವ ಸಿನಿಮಾ ಶುರುವಾಗಲಿ ಅಂತ ಕಾಯುತ್ತಿದ್ದಾರೆ ಎಂದು ಕೇಳಿ, ಉತ್ತರಕ್ಕೆ ಕಾಯದೆ ಅನ್ನದ ಪಾತ್ರೆ ಬಿಚ್ಚಿದ. ಬೆಳ್ಳುಳ್ಳಿ, ವಿನೆಗರ್ ವಾಸನೆ ಕಾರು ತುಂಬಿ, ಗಾಜು ಮಂಜಾಗಿ, ಸಮುದ್ರವೂ ಕಾಣದಾಯಿತು.

ನೋಡಲು ಬೇರೇನೂ ಇಲ್ಲದೆ ಜೊವೆಲ್ ತೊಡೆಯ ಮೇಲೆ ಆಲ್ಬಮ್ಮು ಬಿಡಿಸಿಕೊಂಡಳು. ಒಂದು ಪುಟ, ಇನ್ನೊಂದು, ಮತ್ತೆ ಹಿಂದಕ್ಕೆ. ಆಮೇಲೆ ಕಣ್ಣಿನ ಹತ್ತಿರ ಹಿಡಿದಳು.

“ನಿಮ್ಮ ಹೆಬ್ಬೆರಳಿಗೆ ಏನಾಗಿತ್ತು?”

“ಯಾವಾಗ?”

“ಬೇಸಿಗೇಲೂ ನೀಲಿ ಬ್ಯಾಂಡೇಜು. ಮಳೇಲೂ ಅದೇ. ಹಿಮ ಬಿದ್ದಾಗ್ಲೂ ಅದೇ ಬೆರಳಿಗೆ, ಅದೇ ಸೊಟ್ಟ ಬ್ಯಾಂಡೇಜು.”

ರುವೆಲ್‌ನ ತುತ್ತು ಬಾಯಿಯ ಹತ್ತಿರ ನಿಂತಿತು. ಮರಿವಿಕ್ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು, ಗಾಯ ಇನ್ನೂ ಅಲ್ಲೇ ಇದೆಯೇನೋ ಎನ್ನುವ ಹಾಗೆ. ಒಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು, ಚೆನ್ನಾಗಿಯೇ ಇತ್ತು ಕೂಡ. ಅದನ್ನು ನುಂಗಿಕೊಂಡಳು.

“ನಮ್ಮ ಆಶ್ರಮದ ಆರ್ಮೆರಾಡ್ ತಾತ ಕಚ್ಚಿದ್ದ,” ಎಂದಳು. “ಹೊಸ ಹಲ್ಲುಸೆಟ್ಟು ಹಾಕ್ದೆ, ಆ ಖುಷಿಗೆ ಕಚ್ಚಿಬಿಟ್ಟ. ಅಡುಗೆಮನೇಲಿ ಇದ್ದದ್ದು ನೀಲಿ ಬ್ಯಾಂಡೇಜೇ. ಅವೆಲ್ಲಾ ಒಂದೇ ದಿನದ ಫೋಟೋ, ಜೊವೆಲ್. ನಾನು ಸುತ್ತಿದ್ದೇ ಆ ಒಂದು ದಿನ.”

ಒಮ್ಮೆ ಬಾಯಿ ಬಿಟ್ಟ ಮೇಲೆ ಎಲ್ಲವೂ ಬಂತು. ವ್ಯಾನು, ಜಾಕೆಟ್ಟು, ಆಲಿಕಲ್ಲು, ಶನಿವಾರದ ಪಾಳಿ, ಕೋಣೆಯ ಗಂಟೆ. ರುವೆಲ್ ಮೊದಲು ಕೆಮ್ಮಿದ, ಆಮೇಲೆ ನಗಲು ಶುರು ಮಾಡಿದ, ಕೊನೆಗೆ ನಗು ನಿಲ್ಲಿಸಿ ಹೆಂಡತಿಯ ಭುಜದ ಮೇಲೆ ಅಡೋಬೋ ಮೆತ್ತಿದ ಕೈಯಿಟ್ಟ. ಜೊವೆಲ್ ನಗಲಿಲ್ಲ.

“ನನ್ನ ಬರ್ತ್‌ಡೇ ದಿನ ಎಲ್ಲಿದ್ದೆ?”

“ಹನ್ನೊಂದನೇ ಕೋಣೇಲಿ. ಒಬ್ಬ ಅಜ್ಜಿ ಬಿದ್ದಿದ್ಲು.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನಿಮ್ಮ ಲೋಲಾ ಅಳ್ತಾಳೆ ಅಂತ.”

“ಲೋಲಾ ಹೇಗಿದ್ರೂ ಅತ್ಲು! ನೋಡು, ನಿಮ್ಮಮ್ಮ ಬಣ್ಣಬಣ್ಣದ ಜಾಕೆಟ್ ಹಾಕ್ಕೊಂಡು ತಿರುಗ್ತಾಳೆ, ನಮ್ಮನ್ನ ಮರೆತೇಬಿಟ್ಲು ಅಂತ ಪ್ರತಿ ಫೋಟೋಗೂ ಅತ್ಲು. ನಾನೂ ಅತ್ತೆ. ನಿನಗೆ ಬುದ್ಧಿ ಇದ್ಯಾ? ಕೆಲಸ ಮಾಡ್ತಿದೀನಿ ಅನ್ನೋಕೆ ನಾಲಿಗೆ ಸವೀತಿತ್ತಾ? ಕುರಿ ಅಂತೆ, ಕೋಟೆ ಅಂತೆ. ಟಾಯ್ಲೆಟ್ ಕೇಳಿದ್ರೆ ಹುಲ್ಲಿನ ಮಿಷಿನ್ ತೋರಿಸ್ತೀಯ!”

ಅಲ್ಲಿಗೆ ನಿಲ್ಲಲಿಲ್ಲ. ಐದು ವರ್ಷದ ಬಾಕಿ ಜಗಳ ಒಂದೇ ಉಸಿರಿಗೆ ಬಂತು. ಪಕ್ಕದ ಕಾರಿನ ಮುದಿ ಜೋಡಿ ಸಮುದ್ರ ಬಿಟ್ಟು ಇವರನ್ನೇ ನೋಡತೊಡಗಿತು. ಜಾಕೆಟ್ಟುಗಳಲ್ಲಿ ಅಮ್ಮನದು ಯಾವುದು ಎಂದೂ ಜೊವೆಲ್ ಅಳುತ್ತಲೇ ವಿಚಾರಿಸಿದಳು. ಹಸಿರು ಎಂದು ತಿಳಿದು, ನಾಲ್ಕರಲ್ಲಿ ಅದೇ ಗಲೀಜು ಎಂದಳು. ಮರಿವಿಕ್ ಎಲ್ಲವನ್ನೂ ಕೇಳಿಸಿಕೊಂಡಳು. ಮೂಗು ಸುರಿಯುತ್ತಿತ್ತು, ಹೊಟ್ಟೆಯೊಳಗೆ ಎಲ್ಲೋ ತಂಪಾಗುತ್ತಿತ್ತು.

ಐದನೇ ಶನಿವಾರಕ್ಕೆ ಆಲ್ಬಮ್ಮು ಮುಗಿದಿತ್ತು. ಈಗ ಎಲ್ಲಿಗೆ ಎಂದು ರುವೆಲ್ ಕೇಳಿದ್ದಕ್ಕೆ ಜೊವೆಲ್, ಅಮ್ಮ ಫೋನು ಮಾಡುತ್ತಿದ್ದ ಜಾಗಕ್ಕೆ ಎಂದಳು. ಮರಿವಿಕ್ ಬೇಡವೆಂದು ಬೇಡಿಕೊಂಡಳು. ಅಲ್ಲಿ ನೋಡುವಂಥದ್ದು ಏನೂ ಇಲ್ಲ, ನಗೆಪಾಟಲು ಎಂದಳು. ಆ ಕೋಟೆಯಲ್ಲಿ ಏನಿತ್ತು ಎಂದು ರುವೆಲ್ ಅನ್ನದ ಪಾತ್ರೆಗೆ ಟವೆಲ್ಲು ಸುತ್ತಿದ.

ವೃದ್ಧಾಶ್ರಮದ ಅಡುಗೆಮನೆಯ ಹಿಂದೆ ಒಂದು ಇಟ್ಟಿಗೆ ಗೋಡೆ, ಮೂರು ದೊಡ್ಡ ಕಸದ ಡಬ್ಬಿ, ಬೆಂದ ಎಲೆಕೋಸಿನ ವಾಸನೆ ಉಗುಳುವ ಒಂದು ಕೊಳವೆ, ಒಂದು ಬೆಂಚು. ಇಲ್ಲಿ ಮಾತ್ರ ಮರಿವಿಕ್ ತಡವರಿಸಲಿಲ್ಲ. ಈ ಗೇಟನ್ನು ಮಂಡಿಯಿಂದ ಎತ್ತಿ ತಳ್ಳಬೇಕು, ಟಾಯ್ಲೆಟ್ಟು ಬಲಗಡೆ ಎರಡನೇ ಬಾಗಿಲು, ಬೆಂಚಿನ ಈ ತುದಿ ಮುರಿದಿದೆ, ಆ ತುದಿಯಲ್ಲಿ ಮಾತ್ರ ಸಿಗ್ನಲ್ಲು ಬರುತ್ತದೆ, ಮಳೆ ಬಂದರೆ ಈ ಡಬ್ಬಿಯ ಮುಚ್ಚಳ ಹೀಗೆ ಎತ್ತಿ ಕೆಳಗೆ ನಿಲ್ಲಬಹುದು. ಮುಚ್ಚಳದ ಕೆಳಗೆ ನಿಂತೂ ತೋರಿಸಿದಳು. ಜೊವೆಲ್ ಒಂದೂ ಬಿಡದೆ ಕೇಳಿಸಿಕೊಂಡು, ಸಿಗ್ನಲ್ಲು ಬರುವ ತುದಿಯಲ್ಲಿ ಹೋಗಿ ಕೂತಳು. ಕೂತ್ಕೋ ಎಂದು ಗದರಿ ಅಮ್ಮನನ್ನು ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಇಲೋಯಿಲೋದಲ್ಲಿ ಸಂಜೆಯಾಗಿತ್ತು. ವಿಡಿಯೋ ಕಾಲ್ ಹಚ್ಚಿದಳು.

ಪರದೆಯ ತುಂಬ ಲೋಲಾಳ ಹಣೆ ಬಂತು, ಆಮೇಲೆ ಕನ್ನಡಕ. ಹಿಂದಿನ ಇಟ್ಟಿಗೆ ಗೋಡೆ ಕಂಡು ಮುದುಕಿಯ ಮುಖ ಅರಳಿತು.

“ಎಷ್ಟು ಚೆನ್ನಾಗಿದೆ. ಇದ್ಯಾವ ಕೋಟೆ ಕಣೇ?”

“ಕೋಟೆ ಅಲ್ಲ ಲೋಲಾ,” ಎಂದಳು ಜೊವೆಲ್. “ಇಷ್ಟು ವರ್ಷ ಶನಿವಾರ ಶನಿವಾರ ಅಮ್ಮ ಇದ್ದ ಜಾಗ.”

ಅವಳೇ ಎಲ್ಲವನ್ನೂ ಬಿಡಿಸಿ ಹೇಳಿದಳು. ಮರಿವಿಕ್ ನೆಲ ನೋಡುತ್ತಾ ಕೂತಿದ್ದಳು. ಲೋಲಾ ಕನ್ನಡಕ ತೆಗೆದಳು, ಒರೆಸಿದಳು, ಮತ್ತೆ ಹಾಕಿಕೊಂಡಳು, ಆಮೇಲೆ ಐದು ವರ್ಷದಿಂದ ಮರಿವಿಕ್ ಹೆದರಿಕೊಂಡಿದ್ದ ಹಾಗೆಯೇ ಓಣಿಗೆಲ್ಲ ಕೇಳುವಂತೆ ಅತ್ತಳು. ಒಳಗೆ ಯಾವುದೋ ಕೋಣೆಯ ಗಂಟೆ ಬಾರಿಸಿತು. ಮರಿವಿಕ್ ಅಭ್ಯಾಸಬಲದಿಂದ ಧಡಕ್ಕನೆ ಎದ್ದಳು. ಜೊವೆಲ್ ಅವಳ ಹಸಿರು ಜಾಕೆಟ್ಟಿನ ಅಂಚು ಹಿಡಿದು ಮತ್ತೆ ಕೂರಿಸಿದಳು. ಈ ಸಲ ಯಾರೂ ಫೋನು ಇಡಲಿಲ್ಲ.