ಮಾಸ್ಕೋ ಗಂಟೆಯ ಲೆಕ್ಕ

ಸಿಯೋಲ್‌ನಿಂದ ವಿಮಾನ ಹನ್ನೊಂದಕ್ಕೆ ಹೊರಟು ಬಿಷ್ಕೇಕ್‌ನಲ್ಲಿ ಎರಡಕ್ಕೆ ಇಳಿಯುತ್ತದೆ ಎಂದು ಮಗಳು ಐಜಿರೆಕ್ ತಿಳಿಸಿದ್ದಳು. ಬುರ್ಮಾಕಾನ್ ಅಜ್ಜಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. ಹಳೆಯ ಗ್ಲೋಬಿನ ಮೇಲೆ ಉಣ್ಣೆಯ ದಾರ ಬಿಗಿದು ಅಳೆದೇಬಿಟ್ಟಳು. ಬಿಷ್ಕೇಕ್‌ನಿಂದ ಮಾಸ್ಕೋಗೆ ನಾಲ್ಕು ತಾಸಿನ ಹಾರಾಟ. ಸಿಯೋಲ್‌ನ ದಾರ ಅದರ ಒಂದೂವರೆಯಷ್ಟಿತ್ತು.

"ಅಲ್ಲ ಮುದುಕಾ, ಇಷ್ಟು ದೂರಕ್ಕೆ ಮೂರೇ ತಾಸಾ? ಇವಳೇನು ವಿಮಾನದಲ್ಲಿ ಬರ್ತಾಳೋ, ಬಂದೂಕಿಂದ ಹಾರಿ ಬರ್ತಾಳೋ?"

ಗಂಡ ಒಸ್ಮೊನ್‌ಕುಲ್ ಮೀಸೆ ತಿರುವಿದ. ಟೊಕ್ಮೊಕ್ ರೈಲು ನಿಲ್ದಾಣದಲ್ಲಿ ತಲೆ ನರೆಸಿಕೊಂಡವನು. ಅವನ ಸೋವಿಯತ್ ಕಾಲದಲ್ಲಿ ಎಲ್ಲಿಯ ರೈಲೇ ಆಗಲಿ, ಟಿಕೆಟ್ಟಿನಲ್ಲಿ ಇರುತ್ತಿದ್ದದ್ದು ಮಾಸ್ಕೋ ಗಂಟೆ. ಇಲ್ಲಿಯದು ಬೇಕಾದರೆ ಮೂರು ಕೂಡಿಸಿಕೊಳ್ಳಬೇಕು.

"ಟಿಕೆಟ್ ಓದೋದಕ್ಕೂ ವಿದ್ಯೆ ಬೇಕು ಕಣೇ. ಎರಡು ಅಂದ್ರೆ ಮಾಸ್ಕೋದಲ್ಲಿ ಎರಡು, ನಮಗೆ ಐದು. ಹನ್ನೊಂದರಿಂದ ಐದಕ್ಕೆ ಎಷ್ಟಾಯ್ತು?"

"ಆರು."

"ನಿನ್ನ ದಾರ ಏನನ್ನುತ್ತೆ?"

ದಾರವೂ ಆರೇ ಅಂದಿತು. ಲೆಕ್ಕ ತಾಳೆಯಾದ ಖುಷಿಗೆ ಇಬ್ಬರೂ ಇನ್ನೊಂದು ಬಟ್ಟಲು ಚಹಾ ಕುಡಿದರು. ಹಾರಾಟ ಆರು ತಾಸಿನದೇ, ನಿಜ. ಆದರೆ ಇದರಲ್ಲಿ ಮಾಸ್ಕೋಗೇನು ಕೆಲಸ? ಸಿಯೋಲ್‌ನ ಗಡಿಯಾರವೇ ಬಿಷ್ಕೇಕ್‌ನದಕ್ಕಿಂತ ಮೂರು ತಾಸು ಮುಂದೆ ಓಡುತ್ತದೆ ಎಂಬುದು ಈ ಇಬ್ಬರು ಪಂಡಿತರಿಗೂ ಹೊಳೆಯಲಿಲ್ಲ.

ಐಜಿರೆಕ್ ಬರುತ್ತಿದ್ದದ್ದು ಮಗ ತಿಲೆಕ್‌ನ ಮೊದಲ ಹೆಜ್ಜೆ ನೋಡಲು. ನಾಲ್ಕು ತಿಂಗಳ ಕೂಸನ್ನು ತನ್ನ ತಾಯಿಯ ಮಡಿಲಿಗೆ ಹಾಕಿ ಕಾರ್ಖಾನೆ ಕೆಲಸಕ್ಕೆ ಹೋದವಳು. ಮೊದಲ ಹೆಜ್ಜೆಗೆ ಇಲ್ಲೊಂದು ಶಾಸ್ತ್ರವಿದೆ: ಮಗುವಿನ ಕಾಲಿಗೆ ಕಪ್ಪು ಬಿಳಿ ದಾರ ಕಟ್ಟಿ, ಊರ ಮಕ್ಕಳಿಗೆ ಓಟದ ಪಂದ್ಯ ಇಟ್ಟು, ಗೆದ್ದವರ ಕೈಯಿಂದ ಅದನ್ನು ಕತ್ತರಿಸಿ ಆಮೇಲೆ ನಡೆಸಬೇಕು. ಅಮ್ಮ ಬರುವವರೆಗೆ ನಡೆಯದಿರಲೆಂದು ಅಜ್ಜಿ ಅವನನ್ನು ನೆಲಕ್ಕೆ ಬಿಡದೆ ಹೊತ್ತು ಸೊಂಟ ನೋಯಿಸಿಕೊಂಡಿದ್ದಳು.

ಅವಳು ಬರುವ ದಿನವೇ ಶಾಸ್ತ್ರ ಇಟ್ಟುಕೊಂಡರು. ಮನೆತನದ ಹಿರಿಯ ಕಚ್ಕಿನ್ ತಾತ ಗದರಿದ.

"ಐದಕ್ಕೆ ಇಳಿದು ಅವಳು ಇಲ್ಲಿ ಮುಟ್ಟೋ ಹೊತ್ತಿಗೆ ಕತ್ತಲು. ಕತ್ತಲಲ್ಲಿ ಮಕ್ಕಳನ್ನ ಓಡಿಸಿ ಹಲ್ಲು ಮುರಿಸ್ತೀರೇನ್ರೋ? ನಾಲ್ಕಕ್ಕೇ ಮುಗಿಸಿ."

ಅಜ್ಜಿಗೆ ಅಳು ಬಂತು, ಆದರೂ ತಲೆಯಾಡಿಸಿದಳು.

ರಸ್ತೆಯ ತಿರುವಿನಿಂದ ಮಕ್ಕಳು ಓಡಿ ಬಂದರು. ಅವರ ಹಿಂದೆ, ಚೀಲ ಹೊತ್ತುಕೊಂಡು ಒಬ್ಬ ಹೆಂಗಸೂ ಓಡುತ್ತಿದ್ದಳು.

"ಯಾರದು, ಇಷ್ಟು ದೊಡ್ಡವಳಾಗಿ ಮಕ್ಕಳ ಜೊತೆ?" ಎಂದ ಒಸ್ಮೊನ್‌ಕುಲ್.

"ನಿನ್ನ ಮಗಳು! ಮಾಸ್ಕೋದಿಂದ ಬಂದ್ಲು ನೋಡು!" ಎಂದಳು ಅಜ್ಜಿ.

ಎರಡಕ್ಕೇ ಇಳಿದು, ಯಾರನ್ನೂ ಕಾಣದೆ, ಟ್ಯಾಕ್ಸಿ ಹಿಡಿದು ಬಂದಿದ್ದಳು.

ಗೆದ್ದದ್ದು ಪಕ್ಕದ ಮನೆಯ ಹುಡುಗಿ, ದಾರ ಕತ್ತರಿಸಿದಳು. ಐಜಿರೆಕ್ ನೆಲಕ್ಕೆ ಕುಳಿತು ಕೈ ಚಾಚಿದಳು. ತಿಲೆಕ್ ಒಂದು ಹೆಜ್ಜೆ ಇಟ್ಟ, ಅವಳನ್ನು ಪರಕೀಯಳಂತೆ ದಿಟ್ಟಿಸಿದ, ಅಜ್ಜಿಯ ಕಡೆಗೆ ತಿರುಗಿದ.

ಬುರ್ಮಾಕಾನ್‌ಗೆ ಒಂದು ಗಳಿಗೆ ಹಿಗ್ಗಾಯಿತು. ಹಿಗ್ಗಿದ್ದಕ್ಕೆ ನಾಚಿಕೆಯೂ ಆಯಿತು. ಎದ್ದು ಹೋಗಿ ಮಗಳ ಬೆನ್ನ ಹಿಂದೆ ಕುಳಿತಳು.

"ಬಾರೋ ಕಂದಾ."

ಅಜ್ಜಿಯನ್ನೇ ನೋಡುತ್ತ ತಪ್ಪು ಹೆಜ್ಜೆ ಹಾಕುತ್ತ ಬಂದವನು ತಾಯಿಯ ಮಡಿಲಲ್ಲಿ ಬಿದ್ದ. ಬಿದ್ದವನೇ ಅಜ್ಜಿ ಬೇಕೆಂದು ಕಿರುಚಿ ಅತ್ತ. ಐಜಿರೆಕ್ ಬಿಡಲಿಲ್ಲ. ಬುರ್ಮಾಕಾನ್ ತನ್ನೆರಡೂ ಕೈಗಳನ್ನು ಕಂಕುಳಲ್ಲಿ ಅದುಮಿಕೊಂಡು ಸುಮ್ಮನೆ ಕುಳಿತಿದ್ದಳು.