ಫೋನಿನಲ್ಲಿ ಹೇಳಿದ ಸಂಚಿಕೆ

ಏಳೂವರೆಗೆ ಟಿ.ವಿ.ಯಲ್ಲಿ ‘ಹಿತ್ತಲ ಬಾಗಿಲು’ ಶುರುವಾಗುತ್ತದೆಂದರೆ ಏಳು ಇಪ್ಪತ್ತಕ್ಕೇ ರೇಣುಕವ್ವ ಕೈಕಾಲು ತೊಳೆದುಕೊಂಡು ವಾರಿಜಕ್ಕನ ಚಾವಡಿಯಲ್ಲಿ ಹಾಜರು. ಅವಳೂ ಅವಳ ಗಂಡ ಯಂಕಪ್ಪನೂ ಕುಷ್ಟಗಿ ಕಡೆಯವರು. ಪರ್ಕಳದಲ್ಲಿ ವಾರಿಜಕ್ಕನ ಮನೆಯ ಹಿಂದಿನ ಬಾಡಿಗೆ ಕೋಣೆಗೆ ಬಂದು ಆರು ವರ್ಷವಾಗಿತ್ತು. ಯಂಕಪ್ಪ ಗೌಂಡಿ, ಗಾರೆ ಕೆಲಸದವನು. ರೇಣುಕವ್ವನಿಗೆ ಮಣಿಪಾಲದ ಅಪಾರ್ಟ್‌ಮೆಂಟೊಂದರಲ್ಲಿ ಮೆಟ್ಟಿಲು ಒರೆಸುವ ಕೆಲಸ. ವಾರಿಜಕ್ಕ ಕಾಪುವಿನ ಮೊಗವೀರರ ಹೆಂಗಸು. ಬೆಳಿಗ್ಗೆ ಮೀನು ಮಾರಲು ಕುಳಿತರೆ ಮಧ್ಯಾಹ್ನ ಎರಡಕ್ಕೆಲ್ಲ ಬುಟ್ಟಿ ಖಾಲಿ ಮಾಡಿ ಮನೆಗೆ ಬಂದುಬಿಡುವಳು. ಇಬ್ಬರಿಗೂ ಆ ಧಾರಾವಾಹಿಯೆಂದರೆ ಪ್ರಾಣ.

ಅದರಲ್ಲಿ ಗಿರಿಜೆ ಎಂಬವಳನ್ನು ಮೈದುನನೇ ಬಾವಿಗೆ ನೂಕಿ ಕೊಂದಿದ್ದಾನೆ. ಅವಳು ದೆವ್ವವಾಗಿ ದಿನವೂ ಹಿತ್ತಲ ಬಾಗಿಲಿಗೆ ಬಂದು ನಿಂತು, ಒಳಗೆ ಓದುತ್ತಾ ಕೂತ ಮಗಳನ್ನು ನೋಡಿಕೊಂಡು ಹೋಗುತ್ತಾಳೆ. ಮಗಳಿಗೆ ಅವಳು ಕಾಣಿಸುವುದಿಲ್ಲ. ಇವತ್ತು ಒಂದು ಗಂಟೆಯ ಮಹಾಸಂಚಿಕೆ. ಮಂತ್ರವಾದಿ ಬರುತ್ತಾನೆ, ಮಗಳಿಗೆ ತಾಯಿ ಕಾಣುತ್ತಾಳೆ ಎಂದು ವಾರವಿಡೀ ತೋರಿಸಿದ್ದರು.

ರೇಣುಕವ್ವನ ಮೇಲೆ ಈ ಧಾರಾವಾಹಿಯ ಒಂದು ಋಣವೂ ಇತ್ತು. ಮಗಳು ಶಶಿಕಲಾ ಐದನೆಯ ತರಗತಿಯವರೆಗೆ ಇಲ್ಲೇ ಸರಕಾರಿ ಶಾಲೆಯಲ್ಲಿ ಓದಿದ್ದಳು. ಹುಡುಗಿ ದೊಡ್ಡವಳಾಗುತ್ತಿದ್ದಾಳೆ, ಶಾಲೆ ಬಿಟ್ಟ ಮೇಲೆ ನಾವು ಬರುವ ತನಕ ಒಬ್ಬಳೇ ಕೋಣೆಯಲ್ಲಿರುವುದು ಸರಿಯಲ್ಲ ಎಂದು ಹೆದರಿ, ಜೂನ್‌ನಲ್ಲಿ ಅವಳನ್ನು ಊರಿಗೆ, ಅವಳು ಆಯಿ ಎಂದು ಕರೆಯುವ ಅಜ್ಜಿಯ ಬಳಿ ಕಳಿಸಿದ್ದರು. ಆಮೇಲೆ ಫೋನಿನಲ್ಲಿ ಏನು ಕೇಳಿದರೂ ‘ಹೂಂ’ ಬಿಟ್ಟು ಇನ್ನೊಂದು ಮಾತಿಲ್ಲ. ಉಂಡ್ಯಾ? ಹೂಂ. ಸಾಲಿಗೆ ಹೋಗಿದ್ಯಾ? ಹೂಂ. ಒಂದು ದಿನ ಮಾತಿನ ನಡುವೆ, ಊರಲ್ಲಿ ಅವಳೂ ಇದೇ ಧಾರಾವಾಹಿ ನೋಡುತ್ತಾಳೆಂದು ತಿಳಿಯಿತು. ಅಂದಿನಿಂದ ಜಾಹೀರಾತು ಬಂದಾಗಲೆಲ್ಲ ತಾಯಿ ಮಗಳಿಗೆ ಗಿರಿಜೆಯದೇ ಮಾತು.

ಇವತ್ತು ಮೊದಲ ಜಾಹೀರಾತಿಗೂ ಮುನ್ನ ಫೋನು ಬಂತು.

“ಯವ್ವಾ, ಇಲ್ಲಿ ಕರೆಂಟ್ ಹೋತು!” ಶಶಿಕಲಾ ಅಳುವುದೊಂದೇ ಬಾಕಿ. “ಮಂತ್ರವಾದಿ ಬಂದ್ನೇನು? ನೀ ನೋಡಿ ನೋಡಿ ಹೇಳು.”

ರೇಣುಕವ್ವ ಸ್ಪೀಕರ್ ಹಾಕಿ ಫೋನನ್ನು ಮೊಣಕಾಲ ಮೇಲೆ ಇಟ್ಟುಕೊಂಡಳು. “ಬಂದಾನ. ಕೆಂಪು ಪಂಜಿ ಉಟ್ಟಾನ, ಕಣ್ಣಿಗೆ ಕಾಡಿಗಿ ಹಚ್ಚ್ಯಾನ. ನಿಂಬಿಹಣ್ಣು ಕೊಯ್ದು ಹಿತ್ತಲ ತುಂಬ ಒಗ್ಯಾಕತ್ತಾನ.”

“ನಿಂಬೆಹಣ್ಣಿಗೆಲ್ಲ ಹೆದರುವ ಕುಲೆ ಅಲ್ಲ ಅದು, ಶಶೀ,” ವಾರಿಜಕ್ಕ ಫೋನಿನತ್ತ ಬಗ್ಗಿ ಕೂಗಿದಳು. “ಅವನ ಕೈಯಲ್ಲಿ ಮೊಳೆ ಉಂಟು. ಅವಳನ್ನು ಮರಕ್ಕೆ ಕಟ್ಟಲಿಕ್ಕಂತೆ. ಎಂತ ಜನ ಮಾರಾಯ್ತಿ ಇವರು! ನಾವು ಸತ್ತವರಿಗೆ ಎಲೆ ಹಾಕಿ ಮೀನಿನ ಗಸಿ ಬಡಿಸುತ್ತೇವೆ. ಇವರು ಮೊಳೆ ಹೊಡೆಯುತ್ತಾರೆ.”

ಫೋನಿನಲ್ಲಿ ಕಿಸಕ್ಕನೆ ನಗು ಕೇಳಿಸಿತು. ರೇಣುಕವ್ವನಿಗೆ ಹುರುಪು ಬಂತು. ಗಾಳಿ ಬೀಸಿದ್ದು, ಬಾವಿಯ ರಾಟೆ ತಾನೇ ತಿರುಗಿದ್ದು, ಮೈದುನ ಹೆದರಿ ಅಡುಗೆಮನೆಯಲ್ಲಿ ಬಚ್ಚಿಟ್ಟುಕೊಂಡದ್ದು, ಎಲ್ಲವನ್ನೂ ದನಿ ಏರಿಸಿ ಇಳಿಸಿ ಹೇಳಿದಳು. ತಪ್ಪಿದಲ್ಲಿ ವಾರಿಜಕ್ಕ ತಿದ್ದಿದಳು.

“ಬಾಗಿಲ ತೆಗೀತು, ಶಶಿ. ಮಗಳು ತಿರುಗಿ ನೋಡಿದ್ಲು. ಕಂಡ್ಲು, ಅವ್ವ ಕಂಡ್ಲು!”

“ಏನಂದ್ಲು?”

ಪರದೆಯ ಮೇಲೆ ಗಿರಿಜೆ ಮಗಳ ಕೆನ್ನೆಗೆ ಕೈ ಚಾಚಿದ್ದಳು. ಕೈ ಹೊಗೆಯ ಹಾಗೆ ಕರಗುತ್ತಿತ್ತು. ಇನ್ನು ಬರುವುದಿಲ್ಲ, ಇದೇ ಕೊನೆ ಎನ್ನುತ್ತಿದ್ದಳು. ಅದನ್ನು ಹೇಳಲು ರೇಣುಕವ್ವನಿಗೆ ಬಾಯಿ ಬರಲಿಲ್ಲ.

“ಇಲ್ಲೇ ಇರ್ತೀನಿ ಅಂದ್ಲವ್ವಾ. ಎಲ್ಲಿಗೂ ಹೋಗಂಗಿಲ್ಲ ಅಂದ್ಲು.”

ವಾರಿಜಕ್ಕ ತಟ್ಟನೆ ತಿರುಗಿ ನೋಡಿದಳು; ತಿದ್ದಲಿಲ್ಲ. ಆದರೆ ಟಿ.ವಿ.ಯ ದನಿ ಜೋರಾಗಿಯೇ ಇತ್ತು. ‘ಅಮ್ಮಾ, ಹೋಗಬೇಡ’ ಎಂದು ಆ ಹುಡುಗಿ ಚೀರಿದ್ದು ಕುಷ್ಟಗಿಯವರೆಗೂ ಮುಟ್ಟಿತು.

“ಸುಳ್ಳು ಹೇಳಬ್ಯಾಡಬೇ,” ಎಂದಳು ಶಶಿಕಲಾ. “ಆಕಿ ಹೊಂಟ್ಲು. ನಂಗ ಕೇಳ್ತು.” ಮತ್ತೆ, “ಸತ್ತಾಕಿ ಆದ್ರೂ ದಿನಾ ಮಗಳನ್ನ ನೋಡಾಕ ಬರ್ತಿದ್ಲು,” ಎಂದು ಫೋನಿಟ್ಟಳು.

ಜಾಹೀರಾತು ಬಂತು. ಯಾವುದೋ ಸಾಬೂನಿನ ನೊರೆ, ಹಾಡು. ರೇಣುಕವ್ವ ಸೆರಗು ಬಾಯಿಗೆ ಒತ್ತಿ ಕೂತಳು. ವಾರಿಜಕ್ಕ ರಿಮೋಟ್ ಎತ್ತಿ ಟಿ.ವಿ. ಆರಿಸಿದಳು. ಮಹಾಸಂಚಿಕೆ ಇನ್ನೂ ಕಾಲು ಗಂಟೆ ಬಾಕಿಯಿತ್ತು.

“ನೀನು ಅವಳನ್ನು ಯಾಕೆ ಕಳಿಸಿದ್ದು?”

“ಗೊತ್ತೈತಲ್ಲಕ್ಕಾ. ನಾಕು ಗಂಟೆಗೆ ಸಾಲಿ ಬಿಡ್ತದ. ನಾವು ಬರೂದು ಆರೂವರೆ. ಒಬ್ಬಾಕೀನ ಹೆಂಗ ಬಿಡೂದು?”

“ಎರಡು ಗಂಟೆಗೆ ನಾನು ಮನೆಯಲ್ಲಿ ಇರುತ್ತೇನೆ. ಅದು ನಿನಗೆ ಗೊತ್ತುಂಟಾ ಇಲ್ವಾ?”

“ಕೇಳಾಕ ಸಂಕೋಚ ಆತು. ನಾವು ಬಾಡಿಗೀಗಿರೋರು...”

“ಆರು ವರ್ಷ ನನ್ನ ಚಾಪೆಯಲ್ಲಿ ಕೂತು ದೆವ್ವ ನೋಡಲಿಕ್ಕೆ ಸಂಕೋಚ ಆಗಲಿಲ್ಲ, ಇದಕ್ಕೆ ಸಂಕೋಚವಾ?” ವಾರಿಜಕ್ಕನಿಗೆ ನಿಜಕ್ಕೂ ಸಿಟ್ಟು ಬಂದಿತ್ತು. “ನಾನೂ ದಡ್ಡಿ. ಗಂಡ ಹೆಂಡತಿ ಮಾತಾಡಿ ಮುಗಿಸಿದ್ದಾರೆ, ನಾನ್ಯಾಕೆ ಬಾಯಿ ಹಾಕಲಿ ಅಂತ ಸುಮ್ಮನಾದೆ. ಆ ಮಗು ಹೋಗುವಾಗ ನನ್ನ ಮುಖ ಸಹ ನೋಡಲಿಲ್ಲ.”

ರೇಣುಕವ್ವ ಮತ್ತೆ ಫೋನು ಹಚ್ಚಿದಳು. ಎರಡು ಸಲ ಯಾರೂ ಎತ್ತಲಿಲ್ಲ. ಮೂರನೆಯ ಸಲ ಶಶಿಕಲಾ ಎತ್ತಿದಳು.

“ಶಶಿ, ಸುಳ್ಳು ಹೇಳಿದ್ದು ನಂದು ತಪ್ಪಾತು. ನಿನ್ನ ಕಳಿಸಿದ್ದೂ ತಪ್ಪಾತು. ಅಂಜಿ ಕಳಿಸಿದ್ನಿ, ಬ್ಯಾಡಾಗಿ ಅಲ್ಲ. ಇಲ್ಲಿಗೆ ಬರ್ತೀಯೇನು? ವಾರಿಜಕ್ಕ ನೋಡ್ಕೋತಾರಂತ.”

“ಹೂಂ,” ಎಂದಳು ಶಶಿಕಲಾ.

ಯಂಕಪ್ಪ ಮೊದಲು ಗೊಣಗಿದ. ವರ್ಷದ ನಡುವೆ ಟಿ.ಸಿ. ಕೊಡುತ್ತಾರೋ ಇಲ್ಲವೋ, ಇಲ್ಲಿಯ ಶಾಲೆಯವರು ಏನೆನ್ನುತ್ತಾರೋ ಎಂದ. ಮರುದಿನ ವಾರಿಜಕ್ಕ ಮೀನಿನ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ತಾನೇ ಶಾಲೆಗೆ ಹೋಗಿ ಹೆಡ್‌ಮಾಸ್ಟರನ್ನು ಕೇಳಿಕೊಂಡು ಬಂದಳು. ಕರಕೊಂಡು ಬನ್ನಿ, ಜಾಗ ಉಂಟು ಎಂದಿದ್ದರು. ಶನಿವಾರ ಉಡುಪಿಯಿಂದ ಬಸ್ಸು ಹತ್ತಿದ ಯಂಕಪ್ಪ ಊರಿನ ಶಾಲೆಯ ಕಾಗದ ಮುಗಿಸಿ, ಬುಧವಾರ ಬೆಳಿಗ್ಗೆ ಮಗಳೊಂದಿಗೆ ಇಳಿದ.

ಆ ದಿನವಿಡೀ ಶಶಿಕಲಾ ವಾರಿಜಕ್ಕನ ಹತ್ತಿರ ಮಾತ್ರ ಮಾತಾಡಿದಳು. ಊರಿನ ಸುದ್ದಿ ಹೇಳಿದಳು, ಬಂಗುಡೆ ಫ್ರೈ ಎರಡು ಸಲ ಹಾಕಿಸಿಕೊಂಡಳು. ರೇಣುಕವ್ವ ಒತ್ತಾಯಿಸಲಿಲ್ಲ. ರಜೆ ಹಾಕಿ ಮನೆಯಲ್ಲೇ ಇದ್ದವಳು, ಮಗಳ ಅಂಗಿಗಳನ್ನು ಒಗೆದು ಹಿತ್ತಲಿನಲ್ಲಿ ಒಣಹಾಕಿ, ಶಾಲೆಯ ಚೀಲಕ್ಕೆ ಹರಿದಲ್ಲಿ ಹೊಲಿಗೆ ಹಾಕಿದಳು.

ಮರುದಿನ ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಶಶಿಕಲಾ ಬಾಚಣಿಗೆ ಹಿಡಿದು ಬಂದು ತಾಯಿಯ ಮುಂದೆ ಬೆನ್ನು ಮಾಡಿ ಕೂತಳು. ನಾಲ್ಕು ತಿಂಗಳಲ್ಲಿ ಕೂದಲು ಉದ್ದವಾಗಿತ್ತು. ರೇಣುಕವ್ವ ಬೈತಲೆ ತೆಗೆದು ಎಣ್ಣೆ ಹಚ್ಚತೊಡಗಿದಳು.

“ಬಿಗಿ ಹಾಕು,” ಎಂದಳು ಮಗಳು. “ಆಯಿ ಹಾಕಿದ್ರ ಮಧ್ಯಾಹ್ನಕ್ಕ ಬಿಚ್ಚತಿತ್ತು.”